ಓರೆ ಜಾಗಕ್ಕೆ ಓರೆ ತುಂಡು

ಶಿರಸಿಯ ಒಂದು ಸೊಸೈಟಿಯಲ್ಲಿ ಲೆಕ್ಕ ಬರೆಯುವುದು ನನ್ನ ಕೆಲಸ. ಸಂಜೆ ಒಂದು ರೂಪಾಯಿ ತಾಳೆ ಆಗದಿದ್ದರೂ ಪುಸ್ತಕ ಮುಚ್ಚುವ ಹಾಗಿಲ್ಲ. ಅದು ಸರಿಯೇ. ಅಡಿಕೆ ಬೆಳೆದವರ ದುಡ್ಡು ಅದು. ಆದರೆ ಅದೇ ಕಣ್ಣು ಹೊಲಿಗೆಗೂ ಬಂದುಬಿಟ್ಟಿತ್ತು.

ಮೊದಲು ನಾನು ಮಾಡುತ್ತಿದ್ದದ್ದು ಮಿಷನ್ ಮೇಲಿನ ಪ್ಯಾಚ್‌ವರ್ಕ್. ಬಟ್ಟೆಯನ್ನು ಚೌಕ ಚೌಕವಾಗಿ ಕತ್ತರಿಸಬೇಕು, ಕಾಲು ಇಂಚು ಒಳಗೆ ಬಿಟ್ಟು ಜೋಡಿಸಬೇಕು. ನಾಲ್ಕು ಚೌಕದ ಮೂಲೆಗಳು ಒಂದೇ ಕಡೆ ಕೂಡಬೇಕು. ಕೂಡದಿದ್ದರೆ ಬಿಚ್ಚುತ್ತಿದ್ದೆ, ಮತ್ತೆ ಹೊಲಿಯುತ್ತಿದ್ದೆ. ಬಿಚ್ಚಿ ಬಿಚ್ಚಿ ಬಟ್ಟೆಯ ಅಂಚೇ ಜಾಲರಿ ಆಗುತ್ತಿತ್ತು. ಭುಜ ಹಿಡಿದುಕೊಳ್ಳುತ್ತಿತ್ತು. ಸುಮ್ನೆ ಖುಷಿಗೆ ಅಂತ ಶುರು ಮಾಡಿದ್ದು ಎರಡನೇ ನೌಕರಿ ಆಗಿತ್ತು.

"ಯಾರು ನೋಡ್ತಾರೆ ಮಾರಾಯ್ತಿ, ಬಿಡೇ ಅದನ್ನ" ಅಂತ ಅತ್ತೆ ಹೇಳುತ್ತಿದ್ದರು. ಯಾರೂ ನೋಡದಿದ್ದರೂ ನಾನು ನೋಡುತ್ತೇನಲ್ಲ! ಮನಸ್ಸಿಗೆ ಬುದ್ಧಿ ಹೇಳಿ ಪ್ರಯೋಜನ ಇರಲಿಲ್ಲ. ನನಗೆ ದಾರಿ ಸಿಕ್ಕಿದ್ದು ಹೊಲಿಯುವ ಕ್ರಮವನ್ನೇ ಬದಲಾಯಿಸಿ, ಹಳೇ ಬಟ್ಟೆಯ ತುಂಡುಗಳಿಂದ ಕೈಯಲ್ಲೇ ಹೊಲಿಯುವ ಕೌದಿಗೆ ಬಂದಾಗ.

ಈಗ ಯೋಚಿಸಿದರೆ ಕಾರಣ ಸ್ಪಷ್ಟ ಇದೆ. ಆ ಪ್ಯಾಚ್‌ವರ್ಕ್‌ನಲ್ಲಿ ತಪ್ಪು ಕೂಡುತ್ತಾ ಹೋಗುತ್ತದೆ. ಒಂದು ಹೊಲಿಗೆ ಒಂದೇ ಒಂದು ಮಿಲಿಮೀಟರ್ ಜಾಸ್ತಿ ಒಳಗೆ ಹೋಯಿತು ಅಂದುಕೊಳ್ಳಿ. ಎರಡೂ ಕಡೆಯ ತುಂಡಿನಿಂದ ಸೇರಿ 2 ಮಿಲಿಮೀಟರ್ ಹೋಯಿತು. ಒಂದು ಸಾಲಿನಲ್ಲಿ ಅಂಥ 10 ಹೊಲಿಗೆ ಇದ್ದರೆ ಸಾಲೇ 2 ಸೆಂಟಿಮೀಟರ್ ಗಿಡ್ಡ. ಪಕ್ಕದ ಸಾಲಿಗೆ ಕೂಡುವುದು ಹೇಗೆ? ಅಂದರೆ ಆ ಕೆಲಸ ಅಚ್ಚುಕಟ್ಟನ್ನು ಕೇಳಿಯೇ ಕೇಳುತ್ತದೆ. ನನ್ನಂಥವರ ಕೈಗೆ ಅದನ್ನು ಕೊಟ್ಟರೆ ಮುಗಿಯಿತು.

ಕೌದಿ ಹಾಗಲ್ಲ. ಯಲ್ಲಾಪುರದ ಕಡೆ ಒಬ್ಬ ಸಿದ್ದಿ (ಆಫ್ರಿಕಾ ಮೂಲದ ಸಮುದಾಯ) ಅಜ್ಜಿ ಅಂಗಳದಲ್ಲಿ ಕೂತು ಹೊಲಿಯುವುದನ್ನು ನೋಡುವ ಭಾಗ್ಯ ನನಗೆ ಸಿಕ್ಕಿತು. ಯಲ್ಲಾಪುರ, ಹಳಿಯಾಳ, ಮುಂಡಗೋಡದ ಸಿದ್ದಿ ಹೆಂಗಸರ ಕೌದಿಗೆ ಅದರದ್ದೇ ಒಂದು ಕ್ರಮ ಇದೆ. ತಳಕ್ಕೆ ಒಂದು ಹಳೇ ಸೀರೆ. ಒಂದು ಮೂಲೆಯಲ್ಲಿ ಶುರು ಮಾಡಿ, ಅಂಚಿನ ಗುಂಟ ತುಂಡು ಇಡುತ್ತಾ, ಸುತ್ತು ಬರುತ್ತಾ, ಕೊನೆಗೆ ನಡುವಿಗೆ ಬರುತ್ತಾರೆ. ತುಂಡಿನ ಅಂಚನ್ನು ಆಗಲೇ ಮಡಚುವುದು, ಹೆಬ್ಬೆರಳಿನ ಉಗುರಿನಿಂದ ಒಮ್ಮೆ ತೀಡುವುದು, ಸೂಜಿಯಲ್ಲಿ ನಾಲ್ಕೈದು ಹೊಲಿಗೆ ಒಟ್ಟಿಗೆ ಏರಿಸಿಕೊಂಡು ದಾರ ಎಳೆಯುವುದು. ಟೇಪಿಲ್ಲ, ಚಾಕ್‌ಪೀಸಿಲ್ಲ. ಗೇಣು, ಬೆರಳು, ಅಷ್ಟೇ ಅಳತೆ.

ಸುತ್ತು ಬಂದ ಹಾಗೆ ನಡುವಿನ ಜಾಗ ಸೊಟ್ಟ ಆಗುತ್ತಿತ್ತು. ನನಗೆ ತಡೆಯಲಾಗಲಿಲ್ಲ. "ಅಜ್ಜೀ, ಅಲ್ಲಿ ಓರೆ ಆಗ್ತಾ ಉಂಟಲ್ಲ, ಏನು ಮಾಡ್ತೀರಿ?" ಅಂತ ಕೇಳಿದೆ.

"ಓರೆ ಇದ್ದಲ್ಲಿ ಓರೆ ತುಂಡು ಹಾಕೋದು ತಂಗೀ" ಅಂದರು. ತಲೆ ಎತ್ತಲೂ ಇಲ್ಲ, ಗಂಟಿಗೆ ಕೈ ಹಾಕಿ ಒಂದು ತುಂಡು ಎಳೆದರು.

ಆ ಮಾತಿನಲ್ಲಿ ಇಡೀ ವಿದ್ಯೆ ಇದೆ ಅಂತ ಮನೆಗೆ ಬಂದು ಹೊಲಿಯಲು ಕೂತಾಗ ಗೊತ್ತಾಯಿತು. ಇಲ್ಲಿ ತುಂಡುಗಳನ್ನು ಒಂದಕ್ಕೊಂದು ಜೋಡಿಸುವುದಲ್ಲ, ತಳದ ಬಟ್ಟೆಯ ಮೇಲೆ ಕೂರಿಸುವುದು. ಹೊಸ ತುಂಡು ಹಿಂದಿನ ತುಂಡಿನ ಅಂಚನ್ನು ಮುಚ್ಚಿಕೊಂಡು ಕೂರುತ್ತದೆ. ಅರ್ಧ ಬೆರಳು ಆಚೆ ಈಚೆ ಆದರೆ ಏನೂ ಆಗುವುದಿಲ್ಲ. ಒಂದು ತುಂಡಿನ ಹೆಚ್ಚುಕಡಿಮೆ ಮುಂದಿನದಕ್ಕೆ ದಾಟುವುದೇ ಇಲ್ಲ. ಹಾಗಾಗಿ ಬಿಚ್ಚುವ ಪ್ರಶ್ನೆ ಬರುವುದಿಲ್ಲ. ನಡುವಿನ ಕೊನೆಯ ಜಾಗ ಯಾವ ಆಕಾರ ತಾಳುತ್ತದೆ ಅಂತ ಅಲ್ಲಿಗೆ ಹೋಗುವವರೆಗೆ ಹೊಲಿಯುವವರಿಗೇ ಗೊತ್ತಿರುವುದಿಲ್ಲ. ಮೊದಲೇ ಚಿತ್ರ ಬರೆದಿಟ್ಟುಕೊಂಡಿಲ್ಲ ಅಂದಮೇಲೆ ಯಾವುದಕ್ಕೆ ಹೋಲಿಸಿ ಬೇಜಾರು ಮಾಡಿಕೊಳ್ಳುವುದು?

ನಾನು ಮಾಡುವ ಕ್ರಮ ಹೀಗೆ. ಐದೂವರೆ ಮೀಟರಿನ ಹಳೇ ಕಾಟನ್ ಸೀರೆಯನ್ನು ಅರ್ಧಕ್ಕೆ ಮಡಚಿದರೆ ಒಬ್ಬರಿಗೆ ಹೊದೆಯುವಷ್ಟು ತಳ, ಎರಡು ಪದರ. ನಡುವೆ ಸವೆದ ಲುಂಗಿಯೋ ಬೆಡ್‌ಶೀಟೋ ಒಂದು ಪದರ. ಹತ್ತಿ ತುಂಬುವುದಿಲ್ಲ. ನಮ್ಮ ಮಳೆಗಾಲದಲ್ಲಿ ಅದು ಒಣಗುವ ಮಾತೇ ಇಲ್ಲ, ಮುಗ್ಗು ವಾಸನೆ ಹಿಡಿಯುತ್ತದೆ. ಪದರಗಳು ಜಾರದ ಹಾಗೆ ಮೊದಲು ಉದ್ದುದ್ದ ಕಚ್ಚಾ ಹೊಲಿಗೆ ಹಾಕಿಕೊಳ್ಳುತ್ತೇನೆ. ಮೇಲಿನ ತುಂಡುಗಳಿಗೆ ಕತ್ತರಿ ಕಡಿಮೆ. ಹಳೇ ಕಾಟನ್ನಿಗೆ ಅಂಚಿನಲ್ಲಿ ಸಣ್ಣ ಕಚ್ಚು ಕೊಟ್ಟು ಎಳೆದರೆ ನೂಲಿನ ಗುಂಟ ಪರ್ರನೆ ನೇರ ಹರಿಯುತ್ತದೆ. ಆ ಸದ್ದು ನನಗೆ ಬಹಳ ಇಷ್ಟ.

ಬಣ್ಣ ಆರಿಸುವುದಕ್ಕೆ ಒಂದು ನಿಯಮ ಮಾಡಿಕೊಂಡಿದ್ದೇನೆ. ಗಂಟಿಗೆ ಕೈ ಹಾಕಿದಾಗ ಮೊದಲು ಬಂದದ್ದನ್ನು ವಾಪಸು ಹಾಕುವ ಹಾಗಿಲ್ಲ. ಶುರುವಿಗೆ ಇದು ಕಷ್ಟ ಆಯಿತು. ಕೆನ್ನೀಲಿ ಪಕ್ಕ ಕೇಸರಿ ಬಂದಾಗ ಕೈ ತಡೆಯುತ್ತಿತ್ತು. ಈಗ ಅದೇ ಕೆನ್ನೀಲಿ–ಕೇಸರಿ ನಮ್ಮ ಮನೆಯಲ್ಲಿ ಎಲ್ಲರೂ ಕೈಯಾಡಿಸುವ ಜಾಗ. ಹೀಗೆ ಬಂದ ಇನ್ನೊಂದು ತುಂಡು ಮಗನ ಶಾಲೆಯ ಅಂಗಿಯದು. ಜೇಬು ಬಿಚ್ಚಿದ ಕಡೆ ಬಣ್ಣ ಮಾಸದೆ ಚೌಕವಾಗಿ ಗಾಢ ಉಳಿದಿತ್ತು. ಮೊದಲಿನ ನಾನಾಗಿದ್ದರೆ ಅದನ್ನು ಕತ್ತರಿಸಿ ಎಸೆಯುತ್ತಿದ್ದೆ. ಅದನ್ನು ಹಾಗೇ ಮೇಲೆ ಕಾಣುವಂತೆ ಇಟ್ಟೆ. ಅದರ ಸುತ್ತ ಹೊಲಿಗೆ ಹಾಕುವಾಗ ಬಳಪದ ಪುಡಿ ತುಂಬಿಕೊಂಡು ಬರುತ್ತಿದ್ದ ಆ ಜೇಬು ನೆನಪಾಗಿ ಎಷ್ಟು ಹೊತ್ತು ಕೂತಿದ್ದೆನೋ.

ಹಾಗಂತ ಎಲ್ಲವನ್ನೂ ಬಿಟ್ಟಿಲ್ಲ, ಬಿಡಲೂ ಬಾರದು. ಕೌದಿ ನಿತ್ಯ ಬಳಸುವ ವಸ್ತು, ಒಗೆಯುವ ವಸ್ತು. ಬಟ್ಟೆ ಎಲ್ಲ ಮೊದಲೇ ತೊಳೆದಿರಬೇಕು, ಇಲ್ಲದಿದ್ದರೆ ಒಂದು ತುಂಡು ಕುಗ್ಗಿ ಪಕ್ಕದ್ದನ್ನು ಎಳೆಯುತ್ತದೆ. ಕೆಂಪು ಬಟ್ಟೆ ಸಿಕ್ಕರೆ ಒದ್ದೆ ಬಿಳಿ ಬಟ್ಟೆಯಿಂದ ಉಜ್ಜಿ ಬಣ್ಣ ಬಿಡುತ್ತದಾ ನೋಡಲೇಬೇಕು. ಹೊಲಿಗೆಯ ಸಾಲು ಸಾಲಿನ ನಡುವೆ ಒಂದು ಬೆರಳಿಗಿಂತ ಜಾಸ್ತಿ ಅಂತರ ಬೇಡ. ದೂರ ದೂರ ಹಾಕಿದರೆ ಒಗೆಯುವಾಗ ಒಳಗಿನ ಪದರ ಮುದ್ದೆಯಾಗುತ್ತದೆ. ದಾರದ ಗಂಟು ಗಟ್ಟಿ ಇರಲಿ. ಇಷ್ಟರಲ್ಲಿ ನಾನು ಈಗಲೂ ರಾಜಿ ಆಗುವುದಿಲ್ಲ. ಸಾಲು ನೇರ ಇದೆಯಾ, ಹೊಲಿಗೆಗಳು ಒಂದೇ ಉದ್ದ ಇವೆಯಾ, ಬಣ್ಣ ಹೊಂದುತ್ತದಾ ಅನ್ನುವುದು ಮಾತ್ರ ನನ್ನ ಲೆಕ್ಕದಿಂದ ಹೋಗಿದೆ. ಯಾವುದಕ್ಕೆ ಹಟ ಹಿಡಿಯಬೇಕು ಅಂತ ಗೊತ್ತಾದ ಮೇಲೆ ಉಳಿದದ್ದನ್ನು ಬಿಡುವುದು ಸುಲಭ ಆಯಿತು.

ಸಿದ್ದಿ ಕೌದಿಯ ನಾಲ್ಕು ಮೂಲೆಗೆ ಮಡಚಿದ ಪುಟ್ಟ ತುಂಡುಗಳನ್ನು ಸೇರಿಸುತ್ತಾರೆ. ಅದಕ್ಕೆ ಫುಲಾ ಅನ್ನುತ್ತಾರೆ, ಅದು ಬಿದ್ದರೇ ಕೌದಿ ಪೂರ್ತಿ. ನಾನು ಅದನ್ನು ನನ್ನ ಕೌದಿಗೆ ಹಾಕುವುದಿಲ್ಲ. ಅದು ಅವರ ಗುರುತು, ಅವರದ್ದಾಗಿಯೇ ಇರಲಿ ಅನ್ನಿಸುತ್ತದೆ. ನನ್ನದನ್ನು ಮಾರುವುದೂ ಇಲ್ಲ. ಕೊಳ್ಳುವ ಮನಸ್ಸಿದ್ದವರು ಅವರಿಂದಲೇ ಕೊಳ್ಳಿ, ಚೌಕಾಸಿ ಮಾಡಬೇಡಿ. ಕೂತು ಹೊಲಿದು ನೋಡಿದವರಿಗೆ ಒಂದು ಕೌದಿಯ ಹಿಂದೆ ಎಷ್ಟು ಬೆನ್ನುನೋವಿದೆ ಅಂತ ಗೊತ್ತು.

ಶುರು ಮಾಡುವವರು ಮಗು ಮಲಗಿಸುವಷ್ಟು ಸಣ್ಣದು ಮಾಡಿ. ಸುತ್ತು ಬೇಗ ನಡುವಿಗೆ ಬರುತ್ತದೆ, ಉತ್ಸಾಹ ಇಳಿಯುವುದಿಲ್ಲ. ತುಂಡುಗಳಿಗೆ ಇಸ್ತ್ರಿ ಹಾಕಬೇಡಿ, ಇಸ್ತ್ರಿ ಹಾಕಿದರೆ ಗೆರೆ ನೋಡುವ ಆಸೆ ಹುಟ್ಟುತ್ತದೆ. ದೀಪಾವಳಿ ಮುಗಿದ ಮೇಲೆ ಕೂತರೆ ಒಳ್ಳೆಯದು. ಮೇ ಒಳಗೆ ಮುಗಿದರೆ ಘಟ್ಟದ ಮೇಲಿನವರಿಗೂ ಕಾರವಾರದ ಕಡೆಯವರಿಗೂ ಮಳೆ ಹಿಡಿಯುವ ಮೊದಲು ಒಮ್ಮೆ ಒಗೆದು, ಗಟ್ಟಿ ಬಿಸಿಲಿಗೆ ಹಾಕಲು ಸಮಯ ಸಿಗುತ್ತದೆ.