ಹಳೇ ಎಂಜಿಬಿ ಕಾರಿನ್ಯಾಗ ಕಾಲು ಸುಡಾಕತ್ತಿದ್ರ ಮೊದಲ ಹೀಟರ್ ವಾಲ್ವ್ ನೋಡ್ರಿ

ವಿಜಯಪುರದ ಬ್ಯಾಸಗ್ಯಾಗ ಎಂಜಿಬಿ (ಬ್ರಿಟನ್ನಿನ ಹಳೇ ಸ್ಪೋರ್ಟ್ಸ್ ಕಾರು) ಓಡಸೋ ಅಣ್ಣಾರಿಗೆ ಒಂದ್ ಮಾತು. ಕಾಲ ಹತ್ರ ಬಿಸಿಗಾಳಿ ಬಂತಂದ ಕೂಡಲೇ ರೇಡಿಯೇಟರ್ ಬಿಚ್ಚಬ್ಯಾಡ್ರಿ. ಬಾನೆಟ್ ಎತ್ತಿದ್ರ ಸಿಲಿಂಡರ್ ಹೆಡ್ಡಿನ ಹಿಂದಿನ ತುದಿಗೆ ಹೀಟರ್ ವಾಲ್ವ್, ಅಂದ್ರ ಎಂಜಿನ್ನಿನ ಬಿಸಿನೀರು ಹೀಟರಿಗೆ ಬಿಡೋ ನಲ್ಲಿ, ಕಾಣತೈತಿ. ಡ್ಯಾಶ್‌ಬೋರ್ಡಿನ ಹೀಟರ್ ನಾಬ್ ಬಂದ್ ಮಾಡಿಸಿ, ಆ ವಾಲ್ವಿನ ಲಿವರ್ ಪೂರ್ತಿ ತಿರುಗತೈತೋ ಇಲ್ಲೋ ನೋಡ್ರಿ. ಹಳೇ ಕೇಬಲ್ ಜಗ್ಗಿ ಲಿವರ್ ಅರ್ಧಕ್ಕ ನಿಂತಿರ್ತೈತಿ. ಲಿವರ್ ಸರಿ ಇದ್ರೂ ಒಳಗಿನ ಸೀಲ್ ಸವೆದಿದ್ರ ಬಿಸಿನೀರು ದಾಟತೈತಿ. ಎಂಜಿನ್ ಕಾದ ಮ್ಯಾಲೆ ವಾಲ್ವಿನಿಂದ ಹೀಟರಿಗೆ ಹೋಗೋ ಹೋಸ್ (ರಬ್ಬರ್ ಪೈಪು) ಹುಷಾರಾಗಿ ಮುಟ್ರಿ. ವಾಲ್ವ್ ಬಂದ್ ಇದ್ರೂ ಹೀಟರ್ ಕಡೆ ತುದಿ ಸುಡತಿದ್ರ ವಾಲ್ವೇ ಕೆಟ್ಟೈತಿ.

ನಮ್ಮ ಊರಾಗ ಹೀಟರ್ ಯಾರಿಗೆ ಬೇಕ್ರಿ? ಎಂಜಿನ್ ಪೂರ್ತಿ ತಣ್ಣಗಾದ ಮ್ಯಾಲೆ ವಾಲ್ವ್ ತೆಗೆದು, ಗ್ಯಾಸ್ಕೆಟ್ ಇಟ್ಟು ಬ್ಲ್ಯಾಂಕಿಂಗ್ ಪ್ಲೇಟ್ (ತೂತು ಮುಚ್ಚೋ ತಗಡು) ಕೂಡ್ರಿಸಿ, ಬಿಚ್ಚಿದ ಹೋಸಿನ ಬಾಯಿನೂ ಮುಚ್ಚಿದ್ರ ಬಿಸಿನೀರಿನ ಓಡಾಟನ ನಿಲ್ಲತೈತಿ.

ಆಮ್ಯಾಲೆ ಗೇರ್ ಲಿವರ್ ಬುಡದ ರಬ್ಬರ್ ಬೂಟ್, ವೈರ್ ಹಾದುಹೋಗೋ ಗ್ರೋಮೆಟ್ (ತೂತಿನ ರಬ್ಬರ್ ರಿಂಗ್) ನೋಡ್ರಿ. ರಾತ್ರಿ ಎಂಜಿನ್ ಕಡೆ ಟಾರ್ಚ್ ಹಚ್ಚಿಟ್ಟು ಡ್ಯಾಶ್ ಕೆಳಗ ತಲಿ ಹಾಕಿದ್ರ, ಬೆಳಕು ತೂರಿ ಬರೋ ಪ್ರತಿ ತೂತಿನಿಂದ ಬಿಸಿನೂ ಬರತೈತಿ. ಇಗ್ನಿಷನ್ ಟೈಮಿಂಗ್ (ಪ್ಲಗ್ಗಿನ ಕಿಡಿ ಹಾರೋ ಹೊತ್ತು) ಹಿಂದಾಗಿದ್ರೂ ಎಕ್ಸಾಸ್ಟ್ ವಿಪರೀತ ಕಾಯತೈತಿ, ಅದನ್ನೂ ಚೆಕ್ ಮಾಡಸ್ರಿ.

ಒಳಗ ಹೊಗಿ ವಾಸನಿ ಬಂದ್ರ ಮಾತ್ರ ಗಾಡಿ ಓಡಸಲೇಬ್ಯಾಡ್ರಿ. ಹೊಗ್ಯಾಗಿನ ಕಾರ್ಬನ್ ಮಾನಾಕ್ಸೈಡ್ ಗ್ಯಾಸ್ ಜೀವಕ್ಕ ಅಪಾಯ. ಎಕ್ಸಾಸ್ಟ್ ಮ್ಯಾನಿಫೋಲ್ಡ್ (ಎಂಜಿನ್ನಿಗೆ ಹತ್ತಿದ ಹೊಗಿ ಪೈಪು) ಗ್ಯಾಸ್ಕೆಟ್, ಪೈಪಿನ ಜಾಯಿಂಟ್ ಸರಿ ಮಾಡಿಸಿದ ಮ್ಯಾಲೇನ ಹೊರಗ ತೆಗೀರಿ.