ಬ್ರೌಸರ್ ಒಂದೇ, ಲೈಬ್ರರಿ ಎರಡು: ಸೆಷನ್ ಹಂಚಿಕೊಳ್ಳುವುದು ಹೇಗೆ?

ರೋಬೋಟ್ ಫ್ರೇಮ್‌ವರ್ಕ್‌ನಲ್ಲಿ (ಸಾಫ್ಟ್‌ವೇರನ್ನು ತಾನಾಗಿ ಪರೀಕ್ಷಿಸುವ ಸಾಧನ) ಟೆಸ್ಟ್ ಬರೆಯುವವರಿಗೆ ಒಂದಲ್ಲ ಒಂದು ದಿನ ಈ ತೊಂದರೆ ಬಂದೇ ಬರುತ್ತದೆ. ಬ್ರೌಸರ್ ನಡೆಸುವ ಸೆಲೆನಿಯಂ ಲೈಬ್ರರಿಯ ಕೀವರ್ಡ್‌ಗಳು (ಸಿದ್ಧ ಆದೇಶಗಳು) ಬ್ರೌಸರ್ ತೆರೆದು, ಲಾಗಿನ್ ಮಾಡಿ ಕೊಟ್ಟಿರುತ್ತವೆ. ಮುಂದಿನ ಒಂದು ಕೆಲಸಕ್ಕೆ ಮಾತ್ರ ಯಾವ ಕೀವರ್ಡೂ ಸಾಲುವುದಿಲ್ಲ. ಸರಿ, ಪೈಥಾನ್‌ನಲ್ಲಿ ನಮ್ಮದೇ ಪುಟ್ಟ ಲೈಬ್ರರಿ ಬರೆಯುತ್ತೇವೆ. ಓಡಿಸಿದರೆ ಇನ್ನೊಂದು ಕ್ರೋಮ್ ತೆರೆದುಕೊಳ್ಳುತ್ತದೆ!

ನನಗೆ ಮೊದಲ ಸಲ ಹೀಗಾದದ್ದು ಚೆನ್ನಾಗಿ ನೆನಪಿದೆ. ಎಡಗಡೆಯ ಕ್ರೋಮ್‌ನಲ್ಲಿ ಲಾಗಿನ್ ಆದ ಪುಟ, ಆರ್ಡರ್‌ಗಳ ಪಟ್ಟಿ. ಬಲಗಡೆ ಬರೀ ಬಿಳಿ ಪುಟ, ಮೇಲೆ ವಿಳಾಸದ ಜಾಗದಲ್ಲಿ 'ಡೇಟಾ' ಅಂತಷ್ಟೇ. ನನ್ನ ಕೋಡ್ ಆ ಖಾಲಿ ಪುಟದಲ್ಲಿ ಬಟನ್ ಹುಡುಕುತ್ತಿತ್ತು.

ಯಾಕೆ ಹೀಗೆ? ಕೋಡ್‌ನಿಂದ ಬ್ರೌಸರ್ ನಡೆಸುವ ವಿಧಾನವಾದ ವೆಬ್‌ಡ್ರೈವರ್ 2018ರಲ್ಲಿ ಡಬ್ಲ್ಯೂ3ಸಿ (ವೆಬ್‌ನ ಮಾನದಂಡ ರೂಪಿಸುವ ಸಂಸ್ಥೆ) ಮಾನದಂಡವಾಯಿತು. ಅದರಲ್ಲಿ ತೆರೆದ ಪ್ರತಿ ಬ್ರೌಸರ್‌ಗೂ ಒಂದು ಸೆಷನ್ ಐಡಿ, ಅಂದರೆ ಅದರದೇ ಒಂದು ಗುರುತು, ಇರುತ್ತದೆ. 'ಇದನ್ನು ಕ್ಲಿಕ್ ಮಾಡು' ಎನ್ನುವ ಪ್ರತಿ ಆದೇಶದ ಜೊತೆಗೂ ಆ ಐಡಿ ಹೋಗುತ್ತದೆ. ನಮ್ಮ ಕೋಡ್‌ನಲ್ಲಿ ಹೊಸ ಕ್ರೋಮ್ ಡ್ರೈವರ್ (ಬ್ರೌಸರಿಗೆ ಆದೇಶ ಕಳಿಸುವ ಆಬ್ಜೆಕ್ಟ್) ಮಾಡಿದರೆ ಐಡಿಯೂ ಹೊಸದು, ಪ್ರೊಫೈಲೂ ಹೊಸದು. ಲಾಗಿನ್ ನೆನಪಿಡುವ ಹಳೆಯ ಕುಕಿ ಅಲ್ಲಿ ಎಲ್ಲಿಂದ ಬರಬೇಕು, ಅಲ್ವಾ? ಹಾಗಾಗಿ ಹೊಸ ಡ್ರೈವರ್ ಮಾಡಲೇಬೇಡಿ, ಇರುವುದನ್ನೇ ಕೇಳಿ ಪಡೆಯಿರಿ.

ಮೊದಲು ಟೆಸ್ಟ್ ಫೈಲಿನ ಸೆಟ್ಟಿಂಗ್ಸ್ ಭಾಗದಲ್ಲಿ ಎರಡೂ ಲೈಬ್ರರಿಗಳನ್ನು ಇಂಪೋರ್ಟ್ ಮಾಡಿ. ನಂತರ ನಿಮ್ಮ ಪೈಥಾನ್ ಫೈಲಿಗೆ ರೋಬೋಟ್‌ನ ಬಿಲ್ಟ್‌ಇನ್ ಲೈಬ್ರರಿಯನ್ನು ತನ್ನಿ. ಅದರಲ್ಲಿ 'ಗೆಟ್ ಲೈಬ್ರರಿ ಇನ್‌ಸ್ಟೆನ್ಸ್' ಎಂಬ ಮೆಥಡ್ ಇದೆ. ಅದಕ್ಕೆ ಸೆಲೆನಿಯಂ ಲೈಬ್ರರಿಯ ಹೆಸರು ಕೊಟ್ಟರೆ, ಈಗಾಗಲೇ ಓಡುತ್ತಿರುವ ಆ ಲೈಬ್ರರಿಯೇ ಕೈಗೆ ಸಿಗುತ್ತದೆ. ಅದರ 'ಡ್ರೈವರ್' ಎಂಬ ಪ್ರಾಪರ್ಟಿಯೇ ನಮಗೆ ಬೇಕಾದದ್ದು. ಇಂಪೋರ್ಟ್ ಮಾಡುವಾಗ ಬೇರೆ ಹೆಸರು ಇಟ್ಟಿದ್ದರೆ ಆ ಹೆಸರನ್ನೇ ಕೊಡಬೇಕು.

ಇಲ್ಲಿ ಜಾಸ್ತಿ ಜನ ಎಡವುವುದು ಒಂದು ಕಡೆ. ಡ್ರೈವರನ್ನು ಕ್ಲಾಸಿನ 'ಇನಿಟ್'ನಲ್ಲೇ (ಶುರುವಿನಲ್ಲೇ ಓಡುವ ಮೆಥಡ್) ತೆಗೆದು ಇಟ್ಟುಕೊಳ್ಳುತ್ತಾರೆ. ಲೈಬ್ರರಿ ಇಂಪೋರ್ಟ್ ಆಗುವ ಹೊತ್ತಿಗೆ ಬ್ರೌಸರೇ ತೆರೆದಿರುವುದಿಲ್ಲ, ಹಾಗಾಗಿ ಎರರ್ ಬರುತ್ತದೆ. ಮುಂದೆ ಒಮ್ಮೆ ತೆಗೆದು ಇಟ್ಟುಕೊಂಡರೂ, 'ಸ್ವಿಚ್ ಬ್ರೌಸರ್' ಮಾಡಿದ ಮೇಲೆ ಹಳೆಯದನ್ನೇ ಹಿಡಿದು ಕೂತಿರುತ್ತೀರಿ. ನಿಮ್ಮ ಕ್ಲಾಸಿನಲ್ಲೂ ಒಂದು ಪ್ರಾಪರ್ಟಿ ಬರೆದು, ಬೇಕಾದಾಗಲೆಲ್ಲ ಹೊಸದಾಗಿ ಕೇಳುವುದು ಒಳ್ಳೆಯದು.

ಸರಿಯಾಯಿತೇ ಎಂದು ನೋಡಲು ಸೆಲೆನಿಯಂ ಲೈಬ್ರರಿಯ 'ಗೆಟ್ ಸೆಷನ್ ಐಡಿ' ಕೀವರ್ಡ್ ಕೊಡುವ ಐಡಿಯನ್ನೂ ನಿಮ್ಮ ಡ್ರೈವರಿನ ಐಡಿಯನ್ನೂ ಲಾಗ್‌ಗೆ ಬರೆಸಿ. ಎರಡೂ ಒಂದೇ ಇದ್ದರೆ ಗೆದ್ದಂತೆ.

ಬ್ರೌಸರ್ ಹಂಚಿಕೊಂಡ ಮೇಲೆ ಅದರ ಸ್ಥಿತಿಯನ್ನೂ ಹಂಚಿಕೊಂಡಿರುತ್ತೀರಿ. ನಿಮ್ಮ ಕೋಡ್ ಒಂದು ಐಫ್ರೇಮ್ (ಪುಟದೊಳಗಿನ ಇನ್ನೊಂದು ಪುಟ) ಒಳಗೆ ಹೋಗಿ ಹಾಗೇ ಮುಗಿದರೆ, ಮುಂದಿನ ಕೀವರ್ಡ್ ಕೂಡ ಆ ಫ್ರೇಮ್ ಒಳಗೇ ಹುಡುಕುತ್ತದೆ. ಪುಟದಲ್ಲಿ ಕಣ್ಣಿಗೆ ಕಾಣುವ ಬಟನನ್ನೂ ಅದು 'ಇಲ್ಲ' ಎನ್ನುತ್ತದೆ. ಮುಗಿಸುವ ಮುಂಚೆ ಮುಖ್ಯ ಪುಟಕ್ಕೆ ವಾಪಸ್ ಬನ್ನಿ. ಇಂಪ್ಲಿಸಿಟ್ ವೇಟ್ (ಬಟನ್ ಮುಂತಾದವು ಸಿಗುವವರೆಗೆ ಕಾಯುವ ಸಮಯ) ಬದಲಿಸಿದ್ದರೆ ಅದನ್ನೂ ಮೊದಲಿನಂತೆ ಮಾಡಿ. ನಿಮ್ಮ ಲೈಬ್ರರಿಯಿಂದ ಡ್ರೈವರ್ 'ಕ್ವಿಟ್' ಮಾಡಲೇಬೇಡಿ. ತೆರೆದವರೇ ಮುಚ್ಚಲಿ: ಸ್ಯೂಟ್ ಟಿಯರ್‌ಡೌನ್‌ನಲ್ಲಿ (ಎಲ್ಲ ಟೆಸ್ಟ್ ಮುಗಿದ ಮೇಲೆ ಓಡುವ ಭಾಗ) 'ಕ್ಲೋಸ್ ಆಲ್ ಬ್ರೌಸರ್ಸ್' ಇದ್ದರೆ ಸಾಕು.

ಇನ್ನೊಂದು ಲೈಬ್ರರಿ ಪ್ಲೇರೈಟ್ (ಬ್ರೌಸರ್ ನಡೆಸುವ ಬೇರೊಂದು ಸಾಧನ) ಮೇಲೆ ನಿಂತಿದ್ದರೆ ಈ ದಾರಿ ನಡೆಯದು, ಅದಕ್ಕೆ ಸೆಲೆನಿಯಂನ ಡ್ರೈವರ್ ಅರ್ಥವಾಗುವುದಿಲ್ಲ. ಆಗ ಕ್ರೋಮನ್ನು ರಿಮೋಟ್ ಡೀಬಗ್ಗಿಂಗ್ ಪೋರ್ಟ್ (ಹೊರಗಿನ ಸಾಧನಗಳು ಬ್ರೌಸರಿಗೆ ಸೇರಿಕೊಳ್ಳುವ ಬಾಗಿಲು) 9222 ಕೊಟ್ಟು ತೆರೆದು, ಎರಡೂ ಕಡೆಯಿಂದ ಅದಕ್ಕೇ ಸೇರಿಕೊಳ್ಳಬೇಕು. ಕ್ರೋಮ್ 136ರಿಂದ ಇದಕ್ಕೆ ಬೇರೆಯೇ ಒಂದು ಪ್ರೊಫೈಲ್ ಫೋಲ್ಡರ್ ಕೊಡಬೇಕು, ಇಲ್ಲದಿದ್ದರೆ ಪೋರ್ಟ್ ತೆರೆಯುವುದಿಲ್ಲ.