ಹಾಡುವ ವಿದೂಷಕನ ಕೋಟು: ಹಳೆಯ ಐರಿಷ್ ಸರ್ಕಸ್ ಉಡುಪನ್ನು ಹೊಲಿಯುವ ಬಗೆ

ಹತ್ತೊಂಬತ್ತನೆಯ ಶತಮಾನದ ಐರ್ಲೆಂಡಿನ ಸರ್ಕಸ್ಸಿನಲ್ಲಿ ವಿದೂಷಕನೆಂದರೆ ಬಿದ್ದು ಎದ್ದು ನಗಿಸುವವನಷ್ಟೇ ಆಗಿರಲಿಲ್ಲ. ಹಾಡು, ವಾದ್ಯ, ಚುರುಕು ಮಾತು ಮೂರೂ ಅವನ ಕಸುಬಿಗೆ ಸೇರಿದ್ದವು. ಕ್ಲೇರ್ ಕೌಂಟಿಯ ಫೀಕಲ್‌ನಲ್ಲಿ ಹುಟ್ಟಿ, ಅಮೆರಿಕದ ಸರ್ಕಸ್ಸುಗಳಲ್ಲಿಯೂ ಹೆಸರು ಮಾಡಿ, 1889ರಲ್ಲಿ ಐರ್ಲೆಂಡಿನ ಟ್ರಲೀ ಪಟ್ಟಣದಲ್ಲಿ ತೀರಿಕೊಂಡ ಜಾನಿ ಪ್ಯಾಟರ್ಸನ್ ಈ ಸಾಲಿನಲ್ಲಿ ಎಲ್ಲರಿಗಿಂತ ಪ್ರಸಿದ್ಧ. ಆತ ಇಲಿಯನ್ ಪೈಪ್ ಎಂಬ ಐರಿಷ್ ಚೀಲವಾದ್ಯವನ್ನೂ ನುಡಿಸುತ್ತಿದ್ದ. 1880ರ ಸುಮಾರಿನ ಅಂಥ ವಾದ್ಯಗಾರ ವಿದೂಷಕನ ಪಾತ್ರಕ್ಕೆ ಉಡುಪು ಹೊಲಿಯಬೇಕಾದವರು ಅಳತೆಪಟ್ಟಿ ಹಿಡಿಯುವ ಮೊದಲು ಆ ವಾದ್ಯವನ್ನು ಹೇಗೆ ನುಡಿಸುತ್ತಾರೆಂಬುದನ್ನು ನೋಡಿಕೊಳ್ಳಬೇಕು, ಏಕೆಂದರೆ ಇಲ್ಲಿ ಕತ್ತರಿ ಎಲ್ಲಿ ಆಡಬೇಕೆಂಬುದನ್ನು ತೀರ್ಮಾನಿಸುವುದು ವಾದ್ಯವೇ.

ಮೊದಲು ಬಟ್ಟೆಯ ಮಾತು. ಐರಿಷ್ ಪಾತ್ರವೆಂದೊಡನೆ ಅಂಗಡಿಗೆ ಹೋಗಿ ಹಸಿರು ಸ್ಯಾಟಿನ್ ತರುವವರೇ ಹೆಚ್ಚು. ಆ ಕಾಲದ ರಂಗದ ಹಳ್ಳಿಗನ ಕೋಟು ಹಳ್ಳಿಯವರು ನಿಜವಾಗಿ ತೊಡುತ್ತಿದ್ದ ಫ್ರೀಝ್ ಎಂಬ ದಪ್ಪ, ಒರಟು ಉಣ್ಣೆಯ ಬಟ್ಟೆಯ ಬೂದು ಅಥವಾ ಕಂದು ಬಣ್ಣವನ್ನು ಅನುಸರಿಸಬೇಕು. ಹಸಿರನ್ನು ವೇಸ್ಟ್‌ಕೋಟಿಗೋ ಕೊರಳವಸ್ತ್ರಕ್ಕೋ ಮೀಸಲಿಟ್ಟರೆ ಸಾಕು. ಕರ್ನಾಟಕದಲ್ಲಿರುವವರಿಗೆ ಫ್ರೀಝ್‌ಗೆ ಬದಲಾಗಿ ಕುರುಬರು ನೇಯುವ ಕಂಬಳಿ ಚೆನ್ನಾಗಿ ಒದಗುತ್ತದೆ. ಆದರೆ ಕಂಬಳಿಗೆ ಹುಣಸೆಬೀಜದ ಗಂಜಿ ಹಾಕಿರುತ್ತಾರೆ. ಅದನ್ನು ಬಿಸಿನೀರಿನಲ್ಲಿ ಎರಡು ಮೂರು ಸಲ ತೊಳೆದು ತೆಗೆದು, ಉಣ್ಣೆ ಕುಗ್ಗುವಷ್ಟು ಕುಗ್ಗಿ ಪೂರ್ತಿ ಒಣಗಿದ ಮೇಲೆಯೇ ಕತ್ತರಿಸಬೇಕು. ಇಲ್ಲವಾದರೆ ಮೊದಲ ಮಳೆಗೇ ಕೋಟು ನಟನ ತಮ್ಮನ ಅಳತೆಗೆ ಬರುತ್ತದೆ.

ಕೋಟಿನದು ಕವಲುಬಾಲದ ಆಕಾರ: ಮುಂದೆ ಸೊಂಟದವರೆಗೆ ಮೊಟಕು, ಹಿಂದೆ ಮೊಣಕಾಲಿನ ಹತ್ತಿರಕ್ಕೆ ಬರುವ ಎರಡು ಬಾಲ. ಇಲಿಯನ್ ಪೈಪನ್ನು ಕುಳಿತು ನುಡಿಸುತ್ತಾರೆ. ಬಲಮೊಣಕೈಗೂ ಸೊಂಟಕ್ಕೂ ಪಟ್ಟಿಯಿಂದ ಬಿಗಿದ ತಿದಿಯನ್ನು ಒತ್ತುತ್ತಾ, ಎಡಗಂಕುಳಿನ ಚೀಲಕ್ಕೆ ಗಾಳಿ ತುಂಬುತ್ತಾರೆ. ಶ್ರುತಿನಳಿಕೆಗಳೂ, ಕೀಲಿ ಒತ್ತಿ ಸ್ವರಮೇಳ ಹೊರಡಿಸುವ ರೆಗ್ಯುಲೇಟರುಗಳೆಂಬ ನಳಿಕೆಗಳೂ ಬಲತೊಡೆಯ ಮೇಲೆ ಅಡ್ಡಲಾಗಿ ಮಲಗಿರುತ್ತವೆ. ಹೀಗಾಗಿ ಬಲತೋಳು ಹಾಡಿನುದ್ದಕ್ಕೂ ಪಕ್ಕೆಯಿಂದ ದೂರ ಸರಿದು ಮತ್ತೆ ಒತ್ತಿಕೊಳ್ಳುತ್ತಲೇ ಇರುತ್ತದೆ. ನಾನು ಮೊದಲು ಹೊಲಿದ ಕೋಟಿನಲ್ಲಿ ತೋಳನ್ನು ಅಂದವಾಗಿ ಬಿಗಿಯಾಗಿಟ್ಟೆ. ಎರಡನೆಯ ಹಾಡಿಗೇ ಬಗಲಿನ ಹೊಲಿಗೆ ಬಿಟ್ಟುಕೊಂಡಿತು. ಈಗ ಬಲಗಂಕುಳಿಗೆ ಅಂಗೈಯಗಲದ ವಜ್ರಾಕೃತಿಯ ತುಂಡೊಂದನ್ನು, ಉಣ್ಣೆಯ ಬದಲು ತೆಳುವಾದ ಹತ್ತಿಯಲ್ಲಿ, ಕೂಡಿಸುತ್ತೇನೆ. ತೋಳು ಇಳಿದಾಗ ಅದು ಕಾಣುವುದಿಲ್ಲ. ಎಡಗಂಕುಳಿನ ಕಡೆ ಅಸ್ತರನ್ನು ನುಣುಪಾಗಿಡದೆ ಒರಟು ಹತ್ತಿಯಲ್ಲಿ ಹಾಕಿದರೆ ಕೋಟಿನೊಳಗೆ ಅಂಗಿ ಜಾರದೆ ಚೀಲದ ಹಿಡಿತ ನಿಲ್ಲುತ್ತದೆ.

ಬಲಗೈಯ ಕಫ್ ಮಣಿಕಟ್ಟಿಗಿಂತ ಮೇಲೆಯೇ ನಿಲ್ಲಬೇಕು, ಅದಕ್ಕೆ ಗುಂಡಿಯಾಗಲಿ ಲೇಸಾಗಲಿ ಬೇಡ. ರೆಗ್ಯುಲೇಟರಿನ ಕೀಲಿಗಳನ್ನು ನುಡಿಸುವವನು ಬಲಮಣಿಕಟ್ಟಿನ ಅಂಚಿನಿಂದಲೇ ಒತ್ತುತ್ತಾನೆ. ಅಲ್ಲಿ ಹಿತ್ತಾಳೆಯ ಗುಂಡಿಯಿದ್ದರೆ ಪ್ರತಿ ಸ್ವರಮೇಳಕ್ಕೂ ಒಂದು ಟಣತ್ಕಾರ ಸೇರುತ್ತದೆ. ವೇಸ್ಟ್‌ಕೋಟಿನ ಗುಂಡಿಗಳನ್ನೂ ತಿದಿಯ ಪಟ್ಟಿ ಹಾದುಹೋಗುವ ಕಡೆ ಚಪ್ಪಟೆಯಾಗಿ, ಮಡಿಕೆಯ ಒಳಗೆ ಅಡಗಿಸಬೇಕು. ಕೋಟಿನ ಬಾಲಗಳ ನಡುವಿನ ಸೀಳನ್ನು ಸೊಂಟದವರೆಗೂ ಬಿಟ್ಟರೆ ಕುಳಿತಾಗ ಅವು ಕುರ್ಚಿಯ ಎರಡೂ ಬದಿಗೆ ತಾವಾಗಿ ಇಳಿಬೀಳುತ್ತವೆ.

ಕೆಳಗೆ ಮೊಣಕಾಲಿನವರೆಗಿನ ಕಾರ್ಡರಾಯ್ ಚಲ್ಲಣ, ಉಣ್ಣೆಯ ಕಾಲುಚೀಲ, ಗಟ್ಟಿ ಚರ್ಮದ ಬೂಟು. ಚಲ್ಲಣದಲ್ಲಿ ಮರೆಯಬಾರದ ಒಂದೇ ಸಂಗತಿ, ಬಲತೊಡೆಯ ಮೇಲಿನ ಚರ್ಮದ ತುಂಡು. ಬೆರಳಾಡುವ ನಳಿಕೆಯ ತುದಿಯನ್ನು ವಾದಕ ಆಗಾಗ ತೊಡೆಗೆ ಒತ್ತಿ ಗಾಳಿ ಮುಚ್ಚುತ್ತಾನೆ. ಬಿಡಿಬಿಡಿಯಾದ ಸ್ವರಗಳೂ ಮೇಲಿನ ಸ್ಥಾಯಿಗೆ ಏರುವಿಕೆಯೂ ಈ ಮುಚ್ಚುವಿಕೆಯಿಂದಲೇ ಸಾಧ್ಯ. ಗೀರುಗೀರಾದ ಕಾರ್ಡರಾಯ್‌ನ ಮೇಲೆ ಗಾಳಿ ಸೋರುತ್ತದೆ. ಮೆತ್ತಗಿನ ಚರ್ಮವನ್ನು ಅಂಗೈಯಷ್ಟು ಕತ್ತರಿಸಿ, ಕಚ್ಚಾ ಹೊಲಿಗೆಯಿಂದ ಹಿಡಿಸಿ, ವಾದಕನನ್ನು ಕೂರಿಸಿ ಜಾಗ ಖಚಿತವಾದ ಮೇಲೆ ಪಕ್ಕಾ ಮಾಡಬೇಕು. ಚರ್ಮ ಬೇರೆಯಾಗಿ ಕಾಣಬಾರದೆನ್ನುವವರು ಅದನ್ನು ಹಳ್ಳಿಗನ ತೇಪೆಯಂತೆ ಎದ್ದು ಕಾಣುವ ದಾರದಲ್ಲಿ ಹೊಲಿದರೆ ಪಾತ್ರಕ್ಕೂ ಒಪ್ಪುತ್ತದೆ.

ಬಣ್ಣವನ್ನು ಹಗಲಿನಲ್ಲಿ ಆರಿಸಬೇಡಿ. ಸರ್ಕಸ್ಸಿನ ರಂಗದ ವ್ಯಾಸ 42 ಅಡಿ, ಅಂದರೆ ಸುಮಾರು 13 ಮೀಟರ್. ಪ್ರೇಕ್ಷಕರು ಸುತ್ತಲೂ ಇರುತ್ತಾರೆ, ಆದ್ದರಿಂದ ಬೆನ್ನೂ ಮುಂಭಾಗದಷ್ಟೇ ಮುಖ್ಯ. ಆಗಿನ ಗ್ಯಾಸ್ ದೀಪದ ಹಳದಿ ಬೆಳಕಿನಲ್ಲಿ ನೀಲಿ ಮಂಕಾಗುತ್ತಿತ್ತು, ತಿಳಿಹಳದಿ ಬಿಳಿಯಂತೆ ಕಾಣುತ್ತಿತ್ತು. 1856ರಲ್ಲಿ ರಸಾಯನಶಾಸ್ತ್ರಜ್ಞ ವಿಲಿಯಂ ಪರ್ಕಿನ್ ಕಂಡುಹಿಡಿದ ಕೃತಕ ನೇರಳೆಯ ಬೆನ್ನಿಗೆ ಬಂದ ಅನಿಲೀನ್ ಎಂಬ ಕೃತಕ ಬಣ್ಣಗಳು ಕಣ್ಣಿಗೆ ಹೊಡೆಯುವ ಕೆಂಪು, ಹಸಿರುಗಳನ್ನು ಕೊಟ್ಟವು. ವೇಸ್ಟ್‌ಕೋಟಿಗೆ ಅಂಥ ಗಾಢ ಬಣ್ಣವೇ ಸರಿ. ಬಟ್ಟೆಯ ಚೂರನ್ನು ಹಳದಿ ಬಲ್ಬಿನ ಕೆಳಗೆ ಹಿಡಿದು, ಹದಿನೈದು ಹೆಜ್ಜೆ ಹಿಂದೆ ಸರಿದು ನೋಡಿ.

ನಜ್ಜುಗುಜ್ಜಾದ ಟೋಪಿ, ಅದರ ಪಟ್ಟಿಗೆ ಸಿಕ್ಕಿಸಿದ ಗಿಡ್ಡ ಮಣ್ಣಿನ ಚಿಲುಮೆ, ಕೈಯಲ್ಲಿ ಮುಳ್ಳುಗಿಡದ ದೊಣ್ಣೆ: ಇವು ಮೂರನ್ನೂ ಒಟ್ಟಿಗೆ ಹಾಕಿದರೆ ಐರಿಷ್ ಜನರನ್ನೇ ಕೆರಳಿಸಿದ ಆ ಹಳೆಯ ವ್ಯಂಗ್ಯಚಿತ್ರವಾಗುತ್ತದೆ. ನ್ಯೂಯಾರ್ಕಿನ ಐರಿಷರು 1907ರಲ್ಲಿ ತಮ್ಮನ್ನು ಗೇಲಿ ಮಾಡುವ ಪ್ರಹಸನವೊಂದಕ್ಕೆ ನಾಟಕಶಾಲೆಯಲ್ಲಿಯೇ ಗಲಾಟೆ ಎಬ್ಬಿಸಿದ್ದರು. ಟೋಪಿ ಇರಲಿ, ಉಳಿದೆರಡರಲ್ಲಿ ಒಂದನ್ನು ಬಿಡಿ. ಮುಖಕ್ಕೆ ಆ ಕಾಲದಲ್ಲಿ ಬಳಿಯುತ್ತಿದ್ದ ಸೀಸದ ಬಿಳಿ ವಿಷ; ಸತುವಿನ ಆಕ್ಸೈಡ್ ಆಧಾರದ ಬಿಳಿಯನ್ನೇ ಬಳಸಬೇಕು.

ಅಂತಿಮ ಹೊಲಿಗೆಗೆ ಮುಂಚೆ ನಟನನ್ನು ಕೈಯಿಲ್ಲದ ಕುರ್ಚಿಯಲ್ಲಿ ಕೂರಿಸಿ, ವಾದ್ಯ ಕಟ್ಟಿಸಿ, ಹತ್ತು ನಿಮಿಷ ಬಿಡದೆ ತಿದಿ ಒತ್ತಿಸಿ. ಎಲ್ಲಿ ಬಟ್ಟೆ ಎಳೆಯುತ್ತದೆಯೋ ಅಲ್ಲಿಗೆ ಸೀಮೆಸುಣ್ಣದ ಗುರುತು ಹಾಕಿ, ಆ ಹೊಲಿಗೆಯನ್ನು ಬಿಚ್ಚಿ ಅರ್ಧ ಇಂಚು ಸಡಿಲ ಬಿಡಿ.